71ರ ಅವ್ವನೊಂದಿಗೆ ಶಿಆನ್: ಆರು ದಿನಗಳ ಅನುಭವ, ಹೋಗಲಿರುವವರಿಗೆ ಕೆಲವು ವಿವರಗಳು

ಮಲಪ್ರಭೆಯ ಮಗಳು

ಕಳೆದ ಏಪ್ರಿಲ್ ಕೊನೆಯ ವಾರದಲ್ಲಿ ಅವ್ವನನ್ನು ಕರೆದುಕೊಂಡು ಚೀನಾದ ಶಿಆನ್ ನಗರಕ್ಕೆ ಹೋಗಿ ಬಂದೆ. ವಯಸ್ಸಾದ ತಂದೆತಾಯಿಯರೊಂದಿಗೆ ಆ ಕಡೆ ಹೋಗುವ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತೆಂದು ವಿವರವಾಗಿ ಬರೆಯುತ್ತಿದ್ದೇನೆ. ಅವ್ವನಿಗೆ 71 ವರ್ಷ. ಬಲಮೊಣಕಾಲು ಸವೆದಿದೆ, ಶುದ್ಧ ಸಸ್ಯಾಹಾರಿ. ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 33 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಾನು ಸಿಂಗಪುರದಲ್ಲಿ ಕೆಲಸದಲ್ಲಿರುವುದರಿಂದ ಅವಳು ಮೊದಲು ನನ್ನಲ್ಲಿಗೆ ಬಂದು ಎರಡು ವಾರ ವಿಶ್ರಾಂತಿ ಪಡೆದಳು, ಅಲ್ಲಿಂದ ಐದಾರು ಗಂಟೆಯ ವಿಮಾನ ಪ್ರಯಾಣ.

ಶಿಆನ್ ನನ್ನ ಆಯ್ಕೆಯಲ್ಲ. ನಾನು ಬೀಜಿಂಗ್ ಮತ್ತು ಮಹಾಗೋಡೆ ಎಂದು ಹೇಳಿದ್ದೆ. ಅವ್ವ ಕೇಳಿದ್ದು ಇಷ್ಟೇ: "ಹ್ಯೂಯೆನ್ ತ್ಸಾಂಗ್ ಹೊಳ್ಳಿ ಹೋಗಿ ಎಲ್ಲಿ ಕುಂತು ಬರದ? ಆ ಊರು ತೋರ್ಸು." ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಆ ಚೀನೀ ಬೌದ್ಧ ಯಾತ್ರಿಕ ಒಂದು ಸಾಲಿನಲ್ಲಿ ಬಂದು ಅದೇ ಸಾಲಿನಲ್ಲಿ ಹೊರಟುಹೋಗುತ್ತಾನೆ. ಆಮೇಲೆ ಅವನೇನಾದ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ, ಪರೀಕ್ಷೆಯಲ್ಲೂ ಕೇಳುವುದಿಲ್ಲ. ಆದರೆ ಪ್ರತಿ ವರ್ಷವೂ ಯಾವನೋ ಒಬ್ಬ ಹುಡುಗ ಎದ್ದು ನಿಂತು ಅದನ್ನೇ ಕೇಳುತ್ತಿದ್ದನಂತೆ.

ಅವನು ಹಿಂದಿರುಗಿದ್ದು ತಾಂಗ್ ವಂಶದ ರಾಜಧಾನಿಯಾಗಿದ್ದ ಚಾಂಗ್‌ಆನ್‌ಗೆ, ಅಂದರೆ ಇಂದಿನ ಶಿಆನ್‌ಗೆ, 645ರಲ್ಲಿ. ಗಡಿ ದಾಟಬಾರದೆಂಬ ಆಜ್ಞೆಯನ್ನು ಮೀರಿ ಕದ್ದು ಭಾರತಕ್ಕೆ ಹೋದವನು 657 ಗ್ರಂಥಗಳನ್ನು ಹೊರಿಸಿಕೊಂಡು ಬಂದಾಗ ಚಕ್ರವರ್ತಿ ತೈತ್ಸುಂಗ್ ಅವನನ್ನು ಶಿಕ್ಷಿಸದೆ ಗೌರವಿಸಿದ. ಮುಂದಿನ ಸುಮಾರು ಎರಡು ದಶಕ, 664ರಲ್ಲಿ ಸಾಯುವವರೆಗೂ, ಆತ ಶಿಷ್ಯರ ತಂಡವೊಂದನ್ನು ಕಟ್ಟಿಕೊಂಡು ಸಂಸ್ಕೃತದಿಂದ ಚೀನೀ ಭಾಷೆಗೆ ಅನುವಾದ ಮಾಡುತ್ತ ಕುಳಿತ. ತಂದ ಗ್ರಂಥಗಳನ್ನು ಬೆಂಕಿಯಿಂದ ಕಾಪಾಡಲೆಂದು 652ರಲ್ಲಿ ಕಟ್ಟಿಸಿದ ಇಟ್ಟಿಗೆಯ ಗೋಪುರವೇ ದಾ ಯೆನ್ ತಾ. ಅದು ಮೊದಲು ಐದು ಅಂತಸ್ತಿನದಾಗಿತ್ತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಶಿಥಿಲವಾದ್ದರಿಂದ ಮಹಾರಾಣಿ ವು ಚಕ್ರವರ್ತಿನಿಯಾಗಿದ್ದ ಕಾಲದಲ್ಲಿ ಮತ್ತೆ ಕಟ್ಟಿದರು. ಈಗ ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ, ಕಣ್ಣಿಗೆ ಕಾಣುವಷ್ಟಲ್ಲದಿದ್ದರೂ ಸ್ವಲ್ಪ ವಾಲಿದೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆರು ದಿನಕ್ಕೆ ಹದಿನಾಲ್ಕು ಸ್ಥಳಗಳ ಪಟ್ಟಿ ಮಾಡಿಕೊಂಡಿದ್ದೆ. ಮೊದಲ ದಿನವೇ ಗಂಟೆಗೋಪುರ, ನಗಾರಿಗೋಪುರ, ಮುಸ್ಲಿಂ ಬೀದಿ, ಸಂಜೆ ಕೋಟೆಗೋಡೆ ಎಂದು ಓಡಾಡಿಸಿದೆ. ರಾತ್ರಿ ಮೊಣಕಾಲು ಬಾತುಕೊಂಡಿತು. ಮರುದಿನ ಇಡೀ ಹಗಲು ಹೋಟೆಲಿನ ಕೋಣೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದಳು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂದೇ ಪಟ್ಟಿಯನ್ನು ಹರಿದು, ದಿನಕ್ಕೆ ಒಂದೇ ಸ್ಥಳ, ಅದೂ ಬೆಳಿಗ್ಗೆ, ಎಂದು ತೀರ್ಮಾನಿಸಿದೆ.

ಮೂರನೆಯ ದಿನ ಗೋಪುರಕ್ಕೆ ಹೋದೆವು. ಅದು ನಿಂತಿರುವುದು ದಾ ತ್ಸಿ ಎನ್ ಎಂಬ ದೇವಾಲಯದ ಅಂಗಳದಲ್ಲಿ. ಅಲ್ಲಿದ್ದ ಮಾರ್ಗದರ್ಶಿ ಹುಡುಗಿಗೆ ಅವ್ವ "ಹ್ಯೂಯೆನ್ ತ್ಸಾಂಗ್" ಎಂದು ಮೂರು ಸಲ ಹೇಳಿದರೂ ಅವಳಿಗೆ ತಿಳಿಯಲೇ ಇಲ್ಲ. ಮೊಬೈಲಿನಲ್ಲಿ ಚೀನೀ ಅಕ್ಷರಗಳನ್ನು ತೋರಿಸಿದಾಗ "ಓ, ಶ್ವೆನ್‌ತ್ಸಾಂಗ್!" ಎಂದು ನಕ್ಕಳು. ನಮ್ಮ ಪಠ್ಯದ ಹೆಸರು ಹಳೆಯ ಇಂಗ್ಲಿಷ್ ಕಾಗುಣಿತದ ದಾರಿಯಲ್ಲಿ ಬಂದದ್ದು. ಅವ್ವ ಅಲ್ಲಿಯೇ ನಿಂತು ಹೊಸ ಉಚ್ಚಾರವನ್ನು ಕಲಿತಳು. ಮೂವತ್ತಮೂರು ವರ್ಷ ತಪ್ಪಾಗಿ ಹೇಳಿಕೊಟ್ಟೆನಲ್ಲ ಎಂದು ಆ ದಿನವೆಲ್ಲ ಗೊಣಗಿದಳು.

ಇನ್ನೊಂದು ಸಂಗತಿ. ಗೋಪುರದ ಹೆಸರನ್ನು ಇಂಗ್ಲಿಷ್ ಫಲಕಗಳಲ್ಲಿ ಕಾಡು ಹೆಬ್ಬಾತಿನ ಗೋಪುರ ಎಂದು ಬರೆದಿರುತ್ತಾರೆ. ಹೆಸರಿಗೆ ಕಾರಣವೆಂದು ಹೇಳುವ ಕಥೆ ನಡೆದದ್ದು ಮಗಧದಲ್ಲಿ. ಹಸಿದ ಭಿಕ್ಷುಗಳು ಆಕಾಶ ನೋಡಿ ಹಾಸ್ಯಕ್ಕೆ ಆಡಿದ ಮಾತನ್ನು ಕೇಳಿ ಹಾರುತ್ತಿದ್ದ ಹಕ್ಕಿಯೊಂದು ಅವರೆದುರಿಗೆ ಬಿದ್ದು ಪ್ರಾಣಬಿಟ್ಟಿತು, ನಾಚಿದ ಭಿಕ್ಷುಗಳು ಅದಕ್ಕೊಂದು ಸ್ತೂಪ ಕಟ್ಟಿದರು. ಶ್ವೆನ್‌ತ್ಸಾಂಗ್ ಆ ಸ್ತೂಪವನ್ನು ಕಂಡು, ಅದರ ಸಂಸ್ಕೃತ ಹೆಸರನ್ನೂ ಬರೆದಿಟ್ಟಿದ್ದಾನೆ: ಹಂಸ. ಇದನ್ನು ಕೇಳಿದ ಅವ್ವ ಫಲಕದ ಕಡೆ ಕೈತೋರಿಸಿ, "ಹೆಬ್ಬಾತಂತ! ಹಂಸ ಅಂತ ಬರೀಲಿಕ್ಕೆ ಏನಾಗಿತ್ತು ಇವರಿಗೆ?" ಎಂದಳು.

ಗೋಪುರದ ಒಳಗೆ ಮರದ ಮೆಟ್ಟಿಲುಗಳಿವೆ, ಹತ್ತಲು ಬೇರೆಯೇ ಟಿಕೆಟ್. ಅವ್ವ ಎರಡನೆಯ ಅಂತಸ್ತಿನಲ್ಲಿ ನಿಂತಳು. ನೀನು ಮೇಲೆ ಹೋಗಿ ಪಶ್ಚಿಮದ ಕಿಟಕಿಯಿಂದ ಏನು ಕಾಣುತ್ತದೆಂದು ನೋಡಿ ಬಂದು ಹೇಳು, ಅವನು ಬಂದದ್ದು ಆ ಕಡೆಯಿಂದ ಎಂದಳು. ಅಪಾರ್ಟ್‌ಮೆಂಟುಗಳು ಕಾಣುತ್ತವೆ ಎಂದು ಬಂದು ಹೇಳಿದೆ.

ಪ್ರಶ್ನೆಗಳಿದ್ದರೆ ಕೇಳಿ, ತಿಳಿದಷ್ಟು ಹೇಳುತ್ತೇನೆ.

ಹಾಸನದ ಓದುಗ

ಬಹಳ ಉಪಯುಕ್ತವಾದ ಬರಹ, ಅಕ್ಕ. ನನ್ನ ತಂದೆತಾಯಿಯರನ್ನು ಕರೆದೊಯ್ಯಬೇಕೆಂದಿದ್ದೇನೆ. ಇಬ್ಬರೂ ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಅಲ್ಲಿ ಊಟಕ್ಕೆ ಏನು ಮಾಡಿದಿರಿ? ಅವಲಕ್ಕಿ, ಚಟ್ನಿಪುಡಿಯ ಮೇಲೆಯೇ ಆರು ದಿನ ಕಳೆಯಬೇಕಾಗುತ್ತದೆಯೇ? ಟೆರಾಕೋಟಾ ಸೈನ್ಯದ ಬಗ್ಗೆ ನೀವು ಏನೂ ಬರೆದಿಲ್ಲ, ನೋಡಲಿಲ್ಲವೇ?

ಮಲಪ್ರಭೆಯ ಮಗಳು

ಊಟದ ವಿಷಯದಲ್ಲಿ ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ, ಆದರೆ ಎಚ್ಚರ ಬೇಕು. "ವೊ ಚ್ರ್ ಸು" ಎಂದರೆ ನಾನು ಸಸ್ಯಾಹಾರಿ ಎಂದರ್ಥ. ಇದನ್ನಷ್ಟೇ ಹೇಳಿದರೆ ಸಾಲದು, ಏಕೆಂದರೆ ತರಕಾರಿಯನ್ನು ಮಾಂಸದ ಸಾರಿನಲ್ಲಿ ಬೇಯಿಸುವುದು ಅಥವಾ ಹಂದಿಯ ಕೊಬ್ಬಿನಲ್ಲಿ ಹುರಿಯುವುದು ಅವರಿಗೆ ಸಹಜ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಪ್ರಾಣಿಜನ್ಯ ಎಣ್ಣೆ ಯಾವುದೂ ಬೇಡ ಎಂದು ಚೀನೀ ಭಾಷೆಯಲ್ಲಿ ಬರೆಸಿದ ಚೀಟಿಯೊಂದನ್ನು ಇಟ್ಟುಕೊಂಡಿದ್ದೆ. ನಿಮ್ಮ ತಂದೆತಾಯಿಯರಿಗೆ ಒಂದು ಅನುಕೂಲವಿದೆ: ಚೀನಾದ ಬೌದ್ಧ ಸಂಪ್ರದಾಯದ ಅಡುಗೆಯಲ್ಲಿ ಮಾಂಸದ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ದೇವಾಲಯಗಳ ಆಸುಪಾಸಿನಲ್ಲಿ ಇಂತಹ ಸಸ್ಯಾಹಾರಿ ಹೋಟೆಲುಗಳನ್ನು ಹುಡುಕಿಕೊಳ್ಳಿ. ಅಲ್ಲಿ ಸೋಯಾ ಮತ್ತು ಗೋಧಿಯಿಂದ ಮಾಡಿದ ಪದಾರ್ಥಗಳಿಗೆ ಮಾಂಸದ ರೂಪ ಕೊಟ್ಟಿರುತ್ತಾರೆ. ಅವ್ವ ಮೀನಿನಾಕಾರದ ಒಂದನ್ನು ಕಂಡು ತಟ್ಟೆಯನ್ನೇ ದೂರ ಸರಿಸಿದಳು. ಅದರೊಳಗೆ ಏನೂ ಇಲ್ಲವೆಂದು ಅವಳನ್ನು ನಂಬಿಸಲು ನನ್ನಿಂದ ಆಗಲಿಲ್ಲ.

ಬೀದಿಯಲ್ಲಿ ಅವಳಿಗೆ ಹಿಡಿಸಿದ್ದು ಲಿಯಾಂಗ್‌ಪಿ. ಅಗಲವಾದ ತಣ್ಣನೆಯ ಶಾವಿಗೆಗೆ ಸೌತೆಕಾಯಿ, ಹುಳಿ, ಮೆಣಸಿನಕಾಯಿಯ ಎಣ್ಣೆ ಹಾಕಿ ಕಲಸಿ ಕೊಡುತ್ತಾರೆ. ಬೆಳ್ಳುಳ್ಳಿ ನೀರು ಬೇಡವೆಂದು ಮೊದಲೇ ಹೇಳಬೇಕು. ಶಿಆನ್‌ನವರು ಖಾರ ತಿನ್ನುವ ಜನ. ಬಾಗಲಕೋಟೆಯ ನಾಲಿಗೆಗೆ ಆ ಊರು ಪರಕೀಯವೆನಿಸಲಿಲ್ಲ. ರೊಟ್ಟಿಯನ್ನು ಚೂರು ಮಾಡಿ ಕುರಿಮಾಂಸದ ಸಾರಿಗೆ ಹಾಕಿ ತಿನ್ನುವ ಪಾವ್‌ಮೊ ಅಲ್ಲಿನ ಪ್ರಸಿದ್ಧ ಊಟ. ಗಿರಾಕಿಗಳು ಬಟ್ಟಲು ಮುಂದಿಟ್ಟುಕೊಂಡು ಹರಟುತ್ತ ಅರ್ಧ ಗಂಟೆ ರೊಟ್ಟಿಯನ್ನು ಉಗುರಿನಷ್ಟು ಸಣ್ಣ ಚೂರುಗಳಾಗಿ ಮುರಿಯುವುದನ್ನು ನೋಡುವುದೇ ಅವ್ವನಿಗೆ ಸಾಕಾಯಿತು.

ಟೆರಾಕೋಟಾ ಸೈನ್ಯವನ್ನು, ಅಂದರೆ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಬಳಿ ಹೂತಿಟ್ಟ ಸುಟ್ಟ ಮಣ್ಣಿನ ಯೋಧರನ್ನು, ನಾಲ್ಕನೆಯ ದಿನ ನೋಡಿದೆವು. ಅದು ಊರೊಳಗಿಲ್ಲ, ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಲಿಂತುಂಗ್‌ನಲ್ಲಿದೆ. ದ್ವಾರದಿಂದ ಗುಂಡಿಗಳವರೆಗೆ ನಡೆಯುವ ದಾರಿ ಉದ್ದ, ಬ್ಯಾಟರಿ ಗಾಡಿಗೆ ದುಡ್ಡು ಕೊಡಲು ಹಿಂಜರಿಯಬೇಡಿ. 1974ರ ಮಾರ್ಚಿನಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ತಲೆಯೊಂದು ಸಿಕ್ಕಿದಾಗ ಆರಂಭವಾದ ಉತ್ಖನನ ಇನ್ನೂ ಮುಗಿದಿಲ್ಲ. ಮೂರು ಗುಂಡಿಗಳಲ್ಲಿ ಒಟ್ಟು 8,000 ಯೋಧರಿರಬಹುದೆಂದು ಅಂದಾಜು. ಒಂದನೆಯ ಗುಂಡಿಯ ಮುಂಭಾಗದಲ್ಲಿ ಜನರ ನೂಕುನುಗ್ಗಲು ಇರುತ್ತದೆ. ಅಲ್ಲಿ ನಿಲ್ಲದೆ ಪಕ್ಕದ ಹಾದಿಯಿಂದ ಹಿಂಭಾಗಕ್ಕೆ ಹೋದರೆ, ಒಡೆದ ಯೋಧರನ್ನು ಚೂರು ಚೂರಾಗಿ ಜೋಡಿಸಿ ನಿಲ್ಲಿಸಿರುವ ಜಾಗ ಬರುತ್ತದೆ, ಅಲ್ಲಿ ಜನ ಕಡಿಮೆ. ಅವ್ವ ಅಲ್ಲಿ ಕಂಬಿಗೆ ಒರಗಿ ಬಹಳ ಹೊತ್ತು ಒಂದೊಂದೇ ಮುಖವನ್ನು ನೋಡಿದಳು. ಮುಂಜಾನೆಯ ಪ್ರಾರ್ಥನೆಗೆ ನಿಂತ ಮಕ್ಕಳನ್ನು ಹೀಗೆಯೇ ನೋಡುತ್ತಿದ್ದಳೋ ಏನೋ, ಸಾಲಿನಲ್ಲಿ ಯಾರು ನಿದ್ದೆಗಣ್ಣಿನಲ್ಲಿದ್ದಾನೆ, ಯಾರು ಕಿಲಾಡಿ ಎಂದು ನನಗೆ ತೋರಿಸಿದಳು.

ಕೋಟೆಬಾಗಿಲು

ಕ್ಷಮಿಸಿ, ನನ್ನ ಅಭಿಪ್ರಾಯ ಬೇರೆ. ನಾನು ತಂದೆಯವರನ್ನು ಅಕ್ಟೋಬರ್ ಮೊದಲ ವಾರದಲ್ಲಿ ಕರೆದುಕೊಂಡು ಹೋಗಿದ್ದೆ. ಅದು ಚೀನಾದ ರಾಷ್ಟ್ರೀಯ ರಜೆಯ ವಾರವೆಂದು ತಿಳಿದಿದ್ದರೂ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಹೊರಟೆ. ಟೆರಾಕೋಟಾ ಗುಂಡಿಯ ಮುಂದೆ ನಮಗೆ ಕಂಡದ್ದು ಯೋಧರಲ್ಲ, ಎತ್ತಿ ಹಿಡಿದ ಮೊಬೈಲುಗಳು. ಸಾಲದ್ದಕ್ಕೆ, ನಾವು ಹಣ ಕಟ್ಟಿದ್ದ ಪ್ರವಾಸ ಏಜೆನ್ಸಿಯವರು ದಾರಿಯಲ್ಲಿ ಎರಡು ಅಂಗಡಿಗಳಿಗೆ ಕರೆದೊಯ್ದು, ಜೇಡ್ ಕಲ್ಲು ಕೊಳ್ಳಿರೆಂದು ತಲಾ ಒಂದು ಗಂಟೆ ಕೂರಿಸಿದರು. ಎರಡು ದಿನ ನೋಡಿದರೆ ಸಾಕು, ಉಳಿದದ್ದನ್ನು ಚಿತ್ರಗಳಲ್ಲಿ ನೋಡಬಹುದು ಎಂದು ತಂದೆಯವರೇ ಹೇಳಿದರು.

ಆದರೆ ಕೋಟೆಗೋಡೆಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಮಿಂಗ್ ಕಾಲದಲ್ಲಿ, 1370ರ ದಶಕದಲ್ಲಿ, ಕಟ್ಟಿದ ಆ ಗೋಡೆ ಊರಿನ ನಡುಭಾಗವನ್ನು ಈಗಲೂ ಪೂರ್ತಿಯಾಗಿ ಸುತ್ತುವರಿದಿದೆ, ಸುತ್ತಳತೆ 13.7 ಕಿಲೋಮೀಟರ್, ಎತ್ತರ 12 ಮೀಟರ್, ಮೇಲಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ನಾನು ಬಾಡಿಗೆ ಸೈಕಲ್ ತೆಗೆದುಕೊಂಡೆ, ತಂದೆಯವರು ಬ್ಯಾಟರಿ ಗಾಡಿಯಲ್ಲಿ ಕುಳಿತರು. ಒಂದು ಸುತ್ತು ಮುಗಿದ ಮೇಲೂ ಇಳಿಯಲು ಒಪ್ಪಲಿಲ್ಲ. ಅಂಚಿನ ಇಟ್ಟಿಗೆಗಳು ಏರಿಳಿತವಾಗಿರುವುದರಿಂದ ಬೆನ್ನುನೋವಿರುವವರು ಸೈಕಲ್ಲಿನ ಆಸೆ ಬಿಡುವುದು ಒಳ್ಳೆಯದು.

ಮಲಪ್ರಭೆಯ ಮಗಳು

ಸರ್, ನೀವು ಅನುಭವಿಸಿದ್ದು ಊರಿನ ದೋಷವಲ್ಲ, ವಾರದ ದೋಷ ಎಂದು ನನಗೆ ಅನಿಸುತ್ತದೆ. ಅಕ್ಟೋಬರ್ 1ರ ವಾರ, ಮೇ ತಿಂಗಳ ಮೊದಲ ದಿನಗಳು, ಚೀನೀ ಹೊಸವರ್ಷ, ಈ ಮೂರನ್ನು ಬಿಟ್ಟು ಹೋಗಬೇಕು. ನಾವು ಮೇ ರಜೆ ಆರಂಭವಾಗುವ ಮೊದಲೇ ಹೊರಟುಬಂದೆವು. ಎರಡು ದಿನ ಸಾಕೆಂಬುದನ್ನು ಮಾತ್ರ ಒಪ್ಪಲಾರೆ. ಎರಡೇ ದಿನವಾಗಿದ್ದರೆ ಅವ್ವ ಒಂದು ದಿನ ಓಡಿ, ಇನ್ನೊಂದು ದಿನ ಮಲಗಿ ಹಿಂದಿರುಗುತ್ತಿದ್ದಳು.

ಶಾಸನಾಸಕ್ತ

ಬರಹ ಇಷ್ಟವಾಯಿತು. ಒಂದು ಸಣ್ಣ ಸ್ಪಷ್ಟೀಕರಣ ನೀಡಬಯಸುತ್ತೇನೆ. ತಾಯಿಯವರು ಅಧ್ಯಾಪಕಿಯಾಗಿದ್ದವರಾದ್ದರಿಂದ ಬೇಸರಪಡಲಾರರೆಂದು ನಂಬಿದ್ದೇನೆ.

ಹ್ಯೂಯೆನ್ ತ್ಸಾಂಗ್ ಬಾದಾಮಿಗೆ ಬಂದಿದ್ದನೆಂದು ನಮ್ಮಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಅವನ ಬರಹದಲ್ಲಿ ಬಾದಾಮಿಯ ಹೆಸರಾಗಲಿ ವಾತಾಪಿಯ ಹೆಸರಾಗಲಿ ಇಲ್ಲ. ಅವನು ವರ್ಣಿಸುವುದು ಮೊ-ಹೊ-ಲ-ಚ ಎಂಬ ದೇಶವನ್ನು, ಅಂದರೆ ಮಹಾರಾಷ್ಟ್ರವನ್ನು. ಅದರ ಅರಸನ ಹೆಸರು ಪು-ಲೊ-ಕಿ-ಶೆ. ಇದು ಇಮ್ಮಡಿ ಪುಲಕೇಶಿಯೇ ಎಂಬುದರಲ್ಲಿ ವಿವಾದವಿಲ್ಲ, ಏಕೆಂದರೆ ಹರ್ಷನು ಐದೂ ಕಡೆಯ ಸೈನ್ಯ ಕೂಡಿಸಿಕೊಂಡು ಬಂದರೂ ಈ ಜನರನ್ನು ಮಣಿಸಲಾಗಲಿಲ್ಲ ಎಂಬ ಮಾತು ಅಲ್ಲಿದೆ. ಅದು 634-35ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುವುದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಯಾತ್ರಿಕನು ಕಂಡ ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿಯಿತ್ತಂತೆ. ಬಾದಾಮಿಯ ಪಶ್ಚಿಮಕ್ಕೆ ಹಾಗೆ ಹೇಳುವಂತಹ ನದಿ ಇಲ್ಲ, ಮಲಪ್ರಭೆ ಊರಿಗೆ ತಾಗಿಕೊಂಡು ಹರಿಯುವುದಿಲ್ಲ. ಹೀಗಾಗಿ ಅದು ನಾಸಿಕವಿರಬಹುದೆಂದು ಹೇಳಿದ ವಿದ್ವಾಂಸರಿದ್ದಾರೆ. ಅವನು ಹೇಳುವ ಕೊಂಕಣಪುರ ಯಾವುದೆಂಬ ಬಗ್ಗೆಯೂ ಒಮ್ಮತವಿಲ್ಲ, ಬನವಾಸಿಯ ಹೆಸರು ಅಲ್ಲಿ ಕೇಳಿಬರುತ್ತದೆ.

ಅಲ್ಲಿಯ ಜನರ ಬಗ್ಗೆ ಅವನು ಬರೆದಿರುವುದು ಪಠ್ಯಪುಸ್ತಕದ ಒಂದು ಸಾಲಿಗಿಂತ ಸೊಗಸಾಗಿದೆ: ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅಪಕಾರ ಮಾಡಿದವರನ್ನು ಬಿಡುವುದಿಲ್ಲ, ಸೇಡು ತೀರಿಸಿಕೊಳ್ಳುವ ಮೊದಲು ಶತ್ರುವಿಗೆ ಹೇಳಿಕಳಿಸುತ್ತಾರೆ, ಸೋತು ಬಂದ ಸೇನಾನಿಗೆ ಬೇರೆ ಶಿಕ್ಷೆ ಕೊಡದೆ ಹೆಂಗಸರ ಉಡುಪನ್ನು ಕೊಡುತ್ತಾರೆ. ಅವನು ಬಂದು ಹೋದ ಒಂದೆರಡು ವರ್ಷಗಳಲ್ಲೇ, 642ರ ಹೊತ್ತಿಗೆ, ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು.

ಮಲಪ್ರಭೆಯ ಮಗಳು

ಸರ್, ನಿಮ್ಮ ಪ್ರತಿಕ್ರಿಯೆಯನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಶ್ಚಿಮಕ್ಕ ನದಿ ಇಲ್ಲ ಅನ್ನೂದು ಖರೇ" ಎಂದಳು. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಪ್ರತಿ ವರ್ಷ ಮಕ್ಕಳನ್ನು ಕೂರಿಸಿ, ಅವನು ಇಲ್ಲಿಯೇ ನೀರು ಕುಡಿದಿರಬೇಕು ಎಂದು ಹೇಳುತ್ತಿದ್ದಳಂತೆ. ಮಕ್ಕಳು ಬಾಗಿ ನೀರು ಮುಟ್ಟುತ್ತಿದ್ದರಂತೆ. ಈಗ ಆ ಮಕ್ಕಳನ್ನೆಲ್ಲ ಎಲ್ಲಿಂದ ಹುಡುಕಿ ತಿದ್ದಲಿ ಎಂದು ಕೇಳುತ್ತಿದ್ದಾಳೆ. ಉತ್ತರ ನಿಮ್ಮಿಂದಲೇ ಬೇಕಂತೆ.

ನಿಮಗೆ ಆಸಕ್ತಿಯಿರುವುದರಿಂದ ಐದನೆಯ ದಿನದ ವಿಷಯವನ್ನೂ ಹೇಳುತ್ತೇನೆ. ದಕ್ಷಿಣ ದ್ವಾರದ ಬಳಿ ಬೆಯ್‌ಲಿನ್, ಅಂದರೆ ಶಾಸನಗಳ ಕಾಡು, ಎಂಬ ಸಂಗ್ರಹಾಲಯವಿದೆ. 1087ರಲ್ಲಿ ಆರಂಭವಾದದ್ದು. 837ರಲ್ಲಿ ಕೆತ್ತಿ ಮುಗಿಸಿದ 114 ಕಲ್ಲುಗಳ ಮೇಲೆ ಕನ್ಫ್ಯೂಷಿಯಸ್ ಪರಂಪರೆಯ ಹನ್ನೆರಡು ಗ್ರಂಥಗಳ ಪೂರ್ಣಪಾಠವಿದೆ. ಬರೆದುಕೊಳ್ಳುವವರು ತಪ್ಪು ಮಾಡಬಾರದೆಂದು ಪ್ರಮಾಣಪಾಠವನ್ನೇ ಕಲ್ಲಿನಲ್ಲಿ ನಿಲ್ಲಿಸಿದ್ದು. 781ರ ಇನ್ನೊಂದು ಕಲ್ಲಿನಲ್ಲಿ ಚೀನೀ ಬರಹದ ಜೊತೆಗೆ ಸಿರಿಯಾಕ್ ಲಿಪಿಯೂ ಇದೆ, ಅದು ಚೀನಾಕ್ಕೆ ಕ್ರೈಸ್ತ ಧರ್ಮ ಬಂದುದನ್ನು ಹೇಳುತ್ತದೆ. ಒಂದು ಕೋಣೆಯಲ್ಲಿ ಕಲ್ಲಿನ ಮೇಲೆ ಒದ್ದೆ ಕಾಗದ ಅಂಟಿಸಿ, ಮಸಿ ಅದ್ದಿದ ಬಟ್ಟೆಯುಂಡೆಯಿಂದ ತಟ್ಟಿ ತಟ್ಟಿ ಪಡಿಯಚ್ಚು ತೆಗೆಯುತ್ತಿದ್ದರು. ಐಹೊಳೆಯಲ್ಲಿ ಶಾಸನ ಇಲಾಖೆಯವರು ಹೀಗೆಯೇ ತೆಗೆಯುವುದನ್ನು ಅವ್ವ ಕಂಡಿದ್ದಳು. ಆ ಟಪ ಟಪ ಸದ್ದು ಕೇಳುತ್ತ ಒಂದು ಗಂಟೆ ಕುಳಿತಳು. ನೆಲ ಸಮತಟ್ಟಾಗಿದೆ, ಕೂರಲು ಬೆಂಚುಗಳಿವೆ, ಜನಸಂದಣಿಯೂ ಕಡಿಮೆ. ಹಿರಿಯರೊಂದಿಗೆ ಹೋಗುವವರಿಗೆ ಶಿಆನ್‌ನಲ್ಲಿ ಇದಕ್ಕಿಂತ ಹಿತವಾದ ಜಾಗ ನನಗೆ ಕಾಣಲಿಲ್ಲ, ಆದರೂ ಪ್ರವಾಸದ ಪಟ್ಟಿಗಳಲ್ಲಿ ಇದನ್ನು ಕೊನೆಗೆ ಹಾಕಿರುತ್ತಾರೆ.

ಗ್ವಾಂಗ್‌ಝೌ ಕನ್ನಡಿಗ

ವ್ಯಾಪಾರದ ನಿಮಿತ್ತ ಹಲವು ವರ್ಷಗಳಿಂದ ಈ ದೇಶದಲ್ಲಿದ್ದೇನೆ, ಕೆಲವು ವ್ಯಾವಹಾರಿಕ ಮಾತುಗಳನ್ನು ಸೇರಿಸುತ್ತೇನೆ. ಸಣ್ಣ ಅಂಗಡಿಯವರೂ ಮೊಬೈಲಿನಲ್ಲಿಯೇ ಹಣ ಪಡೆಯುವುದರಿಂದ ಹೊರಡುವ ಮೊದಲೇ ಅಲಿಪೇ ಅಥವಾ ವೀಚಾಟ್ ಹಾಕಿಕೊಂಡು ನಿಮ್ಮ ಕಾರ್ಡನ್ನು ಜೋಡಿಸಿಡಿ. ಗೂಗಲ್, ವಾಟ್ಸಾಪ್ ಎರಡೂ ಇಲ್ಲಿಯ ವೈಫೈಯಲ್ಲಿ ನಡೆಯುವುದಿಲ್ಲ. ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಂಡು ಬಂದರೆ ನಡೆಯುತ್ತವೆ. ತಂದೆತಾಯಿಯರ ಪಾಸ್‌ಪೋರ್ಟ್ ಸದಾ ಜೊತೆಗಿರಲಿ, ಟಿಕೆಟ್‌ಗೂ ರೈಲಿಗೂ ಅದೇ ಬೇಕು, ಮತ್ತು ಅನೇಕ ಕಡೆ ವಯಸ್ಸು ನೋಡಿ ರಿಯಾಯಿತಿಯನ್ನೂ ಕೊಡುತ್ತಾರೆ. ಶಾನ್‌ಶಿ ಪ್ರಾಂತ್ಯದ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಮುಂಗಡವಾಗಿ ಕಾದಿರಿಸದೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ.

ಬಾದಾಮಿಯ ಕಡೆಯವರಾದ ನಿಮ್ಮ ತಾಯಿಯವರಿಗೆ ಲೋಯಾಂಗ್ ತೋರಿಸಬೇಕಿತ್ತು ಎಂಬುದು ನನ್ನ ದೂರು. ಶಿಆನ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಅಲ್ಲಿಯ ಲುಂಗ್‌ಮೆನ್ ಗುಹೆಗಳ ಕೆತ್ತನೆ ಐದನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು, ಮಂಗಳೇಶನು ಬಾದಾಮಿಯ ಮೂರನೆಯ ಗುಹೆಯನ್ನು ಮಾಡಿಸಿದ್ದು 578ರಲ್ಲಿ. ಲುಂಗ್‌ಮೆನ್‌ನದು ಸುಣ್ಣದಕಲ್ಲು, ಬಾದಾಮಿಯದು ಮರಳುಗಲ್ಲು. ಎರಡನ್ನೂ ಕಂಡವರು ಮಾತನಾಡಿದರೆ ಕೇಳಬೇಕೆಂದು ಆಸೆ. ಶಿಆನ್‌ನಲ್ಲಿಯೇ ಇರುವ ಚಿಕ್ಕ ಹಂಸಗೋಪುರವನ್ನಾದರೂ (ನಿಮ್ಮ ತಾಯಿಯವರು ಹೇಳಿದ ಹೆಸರನ್ನೇ ಬಳಸುತ್ತೇನೆ) ನೋಡಿದಿರಾ? ಸಮುದ್ರಮಾರ್ಗವಾಗಿ ಭಾರತಕ್ಕೆ ಹೋಗಿ 695ರಲ್ಲಿ ಹಿಂದಿರುಗಿದ ಚೀನೀ ಭಿಕ್ಷು ಇತ್ಸಿಂಗ್ ಅನುವಾದ ಮಾಡಿದ್ದು ಆ ದೇವಾಲಯದಲ್ಲಿ. ಹದಿನೈದು ಅಂತಸ್ತಿದ್ದ ಗೋಪುರ 1556ರ ಭೀಕರ ಭೂಕಂಪದಲ್ಲಿ ತುದಿ ಕಳೆದುಕೊಂಡು ಈಗ ಹದಿಮೂರಕ್ಕೆ ನಿಂತಿದೆ. ಸುತ್ತ ತೋಟವಿದೆ, ಮರದ ನೆರಳಿದೆ.

ಹಾಸನದ ಓದುಗ

ಆರನೆಯ ದಿನ ಎಲ್ಲಿಗೆ ಹೋದಿರಿ ಎಂದು ಬರೆಯಲೇ ಇಲ್ಲವಲ್ಲ, ಅಕ್ಕ?

ಮಲಪ್ರಭೆಯ ಮಗಳು

ಲೋಯಾಂಗ್‌ಗೆ ಹೋಗಲಾಗಲಿಲ್ಲ, ಚಿಕ್ಕ ಗೋಪುರವನ್ನು ಟ್ಯಾಕ್ಸಿಯಿಂದ ನೋಡಿದ್ದಷ್ಟೇ. ಆರನೆಯ ದಿನವನ್ನು ಅವ್ವ ಮೊದಲೇ ಕಾದಿರಿಸಿದ್ದಳು.

ಊರಿನಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಎತ್ತರದ ದಿಬ್ಬದ ಮೇಲೆ ಶಿಂಗ್‌ಜಿಯಾವ್ ದೇವಾಲಯವಿದೆ. ಸತ್ತ ಐದು ವರ್ಷಗಳ ಮೇಲೆ, 669ರಲ್ಲಿ, ಶ್ವೆನ್‌ತ್ಸಾಂಗನ ಅಸ್ಥಿಯನ್ನು ಅಲ್ಲಿಗೆ ತಂದು ಹೂಳಿದರು. ಮೇಲೆ ಐದು ಅಂತಸ್ತಿನ ಚೌಕಾಕಾರದ ಇಟ್ಟಿಗೆ ಗೋಪುರವಿದೆ, ಎಡಬಲಕ್ಕೆ ಇಬ್ಬರು ಶಿಷ್ಯರ ಚಿಕ್ಕ ಗೋಪುರಗಳು. ಒಬ್ಬನು ಕ್ವೆಯ್‌ಜಿ, ಇನ್ನೊಬ್ಬನು ಕೊರಿಯಾದ ಸಿಲ್ಲಾ ರಾಜ್ಯದಿಂದ ಬಂದ ವೊಂಚುಕ್. 2014ರಲ್ಲಿ ರೇಷ್ಮೆ ಮಾರ್ಗದ ವಿಶ್ವ ಪರಂಪರೆಯ ತಾಣಗಳಲ್ಲಿ ಇದನ್ನೂ ಸೇರಿಸಿದ್ದಾರೆ. ಆದರೂ ನಾವು ಹೋದ ಬೆಳಿಗ್ಗೆ ಅಲ್ಲಿದ್ದವರು ಅಂಗಳ ಗುಡಿಸುತ್ತಿದ್ದ ಒಬ್ಬ ಭಿಕ್ಷು ಮತ್ತು ನಾವಿಬ್ಬರು. ಟ್ಯಾಕ್ಸಿಯವನನ್ನು ಹಿಂದಿರುಗುವವರೆಗೆ ಕಾಯಲು ಒಪ್ಪಿಸಿಕೊಂಡೇ ಹೋಗಬೇಕು, ಅಲ್ಲಿಂದ ವಾಪಸ್ ಗಾಡಿ ಸಿಗುವುದು ಕಷ್ಟ.

ಅವ್ವ ಗೋಪುರದ ಮುಂದಿನ ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದಳು. ದಕ್ಷಿಣಕ್ಕೆ ಚುಂಗ್‌ನಾನ್ ಬೆಟ್ಟಗಳ ಸಾಲು ಮಸುಕಾಗಿ ಕಾಣುತ್ತಿತ್ತು. ಭಿಕ್ಷು ಕಸಬರಿಗೆ ಒರಗಿಸಿಟ್ಟು ಬಂದು, ಎಲ್ಲಿಯವರೆಂದು ಕೈಸನ್ನೆಯಲ್ಲಿ ಕೇಳಿದರು. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಅವ್ವ ಗೋಪುರದ ಕಡೆ ತೋರಿಸಿ "ಶ್ವೆನ್‌ತ್ಸಾಂಗ್" ಎಂದಳು, ಎರಡು ಬೆರಳುಗಳನ್ನು ಕಟ್ಟೆಯ ಮೇಲೆ ನಡೆಸುತ್ತ ಹೋಗಿ ನಿಲ್ಲಿಸಿ, ತನ್ನ ಎದೆ ಮುಟ್ಟಿಕೊಂಡು "ಪುಲಕೇಶಿ" ಎಂದಳು. ಅವರಿಗೆ ಎಷ್ಟು ತಿಳಿಯಿತೋ, ಒಳಗೆ ಹೋಗಿ ಎರಡು ಲೋಟ ಬಿಸಿನೀರು ತಂದುಕೊಟ್ಟರು. ಶಾಸನಾಸಕ್ತರ ಪ್ರತಿಕ್ರಿಯೆ ಬಂದ ಮೇಲೆ ಆ ಬೆರಳುಗಳನ್ನು ನಾಸಿಕದಲ್ಲಿ ನಿಲ್ಲಿಸಬೇಕಿತ್ತೇನೋ ಎಂದು ಅವ್ವ ಯೋಚಿಸುತ್ತಿದ್ದಾಳೆ.